ನೋಡುವುದಕ್ಕೂ ಕೊಳ್ಳುವುದಕ್ಕೂ ನಡುವೆ

ನೆದರ್ಲೆಂಡ್ಸ್ ದೇಶದಲ್ಲಿ ಒಂದು ವಿಚಿತ್ರ ಲಾಟರಿ ಇದೆ. ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಕೊಳ್ಳುವ ಚಾಳಿಯ ಬಗ್ಗೆ ಇವತ್ತು ಈ ಸಭೆಯಲ್ಲಿ ಮಾತಾಡಬೇಕು, ಆ ಲಾಟರಿಯಿಂದಲೇ ಶುರು ಮಾಡುತ್ತೇನೆ. ಅಲ್ಲಿ ಲಾಟರಿ ಎತ್ತುವುದು ಪಿನ್‌ಕೋಡ್ ಮೇಲೆ. ಅವರ ಪಿನ್‌ಕೋಡ್ ನಮ್ಮದರ ಹಾಗೆ ಇಡೀ ಬಡಾವಣೆಗೆ ಒಂದಲ್ಲ, ಬೀದಿಯ ಹದಿನೈದಿಪ್ಪತ್ತು ಮನೆಗೆ ಒಂದು. ಒಂದು ಕೋಡ್ ಬಂತು ಅಂದರೆ ಆ ಮನೆಗಳಲ್ಲಿ ಟಿಕೆಟ್ ಕೊಂಡವರೆಲ್ಲ ಗೆದ್ದ ಹಾಗೆ. ಆಗ ಒಂದೊಂದು ಟಿಕೆಟ್‌ಗೆ 12,500 ಯೂರೋ ಸಿಗುತ್ತಿತ್ತು. ಜೊತೆಗೆ ಆ ಕೋಡಿಗೆ ಒಂದು ಹೊಸ ಬಿಎಂಡಬ್ಲ್ಯು ಕಾರು. ಟಿಕೆಟ್ ಕೊಳ್ಳದವರ ಗತಿ? ಕಿಟಕಿಯಲ್ಲಿ ನಿಂತು ಪಕ್ಕದ ಮನೆಗೆ ಕಾರು ಬರುವುದನ್ನು ನೋಡುವುದು.

ಪೀಟರ್ ಕೂನ್ ಮತ್ತು ಅವರ ಜೊತೆಗಾರರು, ಅರ್ಥಶಾಸ್ತ್ರದವರು, ಈ ಕಿಟಕಿಯಲ್ಲಿ ನಿಂತವರ ಬೆನ್ನು ಹತ್ತಿದರು. 2011ರಲ್ಲಿ ಅದು ಪ್ರಕಟವಾಯಿತು. ಗೆದ್ದವರ ಪಕ್ಕದ ಮನೆಯವರು, ಒಂದು ಪೈಸೆಯೂ ಗೆಲ್ಲದವರು, ಬೇರೆಯವರಿಗಿಂತ ಜಾಸ್ತಿ ಕಾರು ಕೊಂಡಿದ್ದರು! ಅವರ ಸಂಬಳ ಏರಿರಲಿಲ್ಲ. ಇದ್ದ ಕಾರು ಕೆಟ್ಟಿರಲಿಲ್ಲ. ಪಕ್ಕದ ಗೇಟಿನ ಮುಂದೆ ಒಂದು ಹೊಸ ಗಾಡಿ ನಿಂತಿತ್ತು, ಅಷ್ಟೇ.

ಕೆನಡಾದ ಲಾಟರಿಯ ಮೇಲೂ ಇಂಥದ್ದೇ ಒಂದು ಅಧ್ಯಯನ ಇದೆ. ಅದು ಇನ್ನೂ ಸ್ವಲ್ಪ ಹೆದರಿಸುತ್ತದೆ. ಒಬ್ಬರು ಗೆದ್ದ ಮೊತ್ತ ದೊಡ್ಡದಾದಷ್ಟೂ ಅವರ ಅಕ್ಕಪಕ್ಕದವರು ದಿವಾಳಿ ಅರ್ಜಿ ಹಾಕುವುದು ಹೆಚ್ಚುತ್ತಿತ್ತು. ಹಾಗೆ ದಿವಾಳಿಯಾದವರ ಆಸ್ತಿ ಪಟ್ಟಿ ತೆಗೆದು ನೋಡಿದರೆ ಕಾರು, ಮನೆಯಂಥ ಕಣ್ಣಿಗೆ ಕಾಣುವ ಸ್ವತ್ತು ಜಾಸ್ತಿ ಇತ್ತು. ಕಾಣದ ಉಳಿತಾಯ ಹಾಗೆ ಜಾಸ್ತಿ ಇರಲಿಲ್ಲ.

ಇದನ್ನು ಮೊದಲೇ ಹೇಳಿದ್ದು ಏಕೆಂದರೆ, ಮೊಬೈಲ್ ಬಂದು ನಮ್ಮನ್ನು ಕೆಡಿಸಿತು ಅಂತ ಬೈದು ಮುಗಿಸುವ ಭಾಷಣ ಇದಲ್ಲ. ಪಕ್ಕದ ಮನೆ ನೋಡಿ ಕೊಳ್ಳುವುದು ಹಳೇ ಚಾಳಿ. ಮದುವೆ ಮನೆಯಲ್ಲಿ ಯಾರ ಕೊರಳಲ್ಲಿ ಎಷ್ಟು ಎಳೆ ಸರ ಅಂತ ಎಣಿಸಿದವರು ಈ ಸಭೆಯಲ್ಲಿ ಯಾರೂ ಇಲ್ವಾ? ನಗುತ್ತಿದ್ದೀರಿ, ಸರಿ. ನನ್ನ ಪ್ರಶ್ನೆ ಬೇರೆ. ಆ ಹಳೇ ಚಾಳಿಗೆ ಹೊಸದಾಗಿ ಏನು ಸೇರಿತು?

ಮೊದಲು, ಪಕ್ಕದ ಮನೆ ಎಲ್ಲಿದೆ ಅನ್ನುವುದೇ ಬದಲಾಯಿತು. ಲಿಯಾನ್ ಫೆಸ್ಟಿಂಗರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ. ಮನುಷ್ಯ ತನ್ನನ್ನು ಅಳೆದುಕೊಳ್ಳುವುದು ತನ್ನಂಥವರ ಜೊತೆ ಅಂತ 1954ರಲ್ಲೇ ಬರೆದ. ಅಂಬಾನಿ ಮನೆ ಮದುವೆ ನೋಡಿದರೆ ನಮಗೆ ಹೊಟ್ಟೆಕಿಚ್ಚು ಬರುವುದಿಲ್ಲ, ಸುಮ್ನೆ ಬಾಯಿ ಬಿಟ್ಟು ನೋಡುತ್ತೇವೆ. ಜೊತೆಯಲ್ಲಿ ಬಿಕಾಂ ಓದಿದವಳು ಮಾಡ್ಯುಲರ್ ಕಿಚನ್ ಹಾಕಿಸಿ ಫೋಟೋ ಹಾಕಿದರೆ, ಆ ರಾತ್ರಿ ನಮ್ಮ ಅಡುಗೆಮನೆ ಸಣ್ಣದಾಗಿ ಕಾಣುತ್ತದೆ.

ಇದು ಮಾರುವವರಿಗೆ ಚೆನ್ನಾಗಿ ಗೊತ್ತು. ನಾನು ಮಾರ್ಕೆಟಿಂಗ್ ಪಾಠ ಮಾಡುವವನು, ಇದನ್ನು ತರಗತಿಯಲ್ಲೇ ಕಲಿಸುತ್ತೇವೆ. ಮೊದಲು ಸೋಪು ಮಾರಲು ಸಿನಿಮಾ ತಾರೆ ಬೇಕಿತ್ತು. ಈಗ ಹಾಸನದ ಹುಡುಗಿ ಸಾಕು. ಅವಳ ಹಿಂದೆ ಕಾಣುವ ಗೋಡೆಗೆ ನಮ್ಮ ಮನೆಯದೇ ಸುಣ್ಣ, ನಮ್ಮದೇ ಕ್ಯಾಲೆಂಡರ್. 'ಫ್ರೆಂಡ್ಸ್, ಈ ಕುರ್ತಾ ಬರೀ 349, ನಾನೇ ಒಗೆದು ನೋಡಿದೀನಿ, ಬಣ್ಣ ಹೋಗಿಲ್ಲ, ಲಿಂಕ್ ಬೇಕಾದ್ರೆ ಲಿಂಕ್ ಅಂತ ಕಾಮೆಂಟ್ ಮಾಡಿ.' ನೀವು ಕಾಮೆಂಟ್ ಮಾಡುತ್ತೀರಿ, ಮೆಸೇಜಿಗೆ ಲಿಂಕ್ ತಾನಾಗಿ ಬಂದು ಬೀಳುತ್ತದೆ. ಆ ಲಿಂಕಿನಿಂದ ನೀವು ಕೊಂಡರೆ ಅವಳಿಗೆ ಕಮಿಷನ್. ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ನಾನು ಹೇಳುತ್ತಿಲ್ಲ. ಅವಳು ನಮ್ಮವಳು ಅನ್ನಿಸುವುದಕ್ಕೇ ಅಲ್ಲಿ ಬೆಲೆ.

ಟಿಕ್‌ಟಾಕ್ ಇಲ್ಲಿ ನಿಷೇಧವಾಗಿದ್ದು 2020ರ ಜೂನ್ ಕೊನೆಗೆ. ಜುಲೈನಲ್ಲೇ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಲಾಕ್‌ಡೌನ್ ಕಾಲ, ಎಲ್ಲರೂ ಮನೆಯಲ್ಲೇ. ಅಲ್ಲಿಂದ ಈಚೆಗೆ ಕನ್ನಡದಲ್ಲಿ ಮಾತಾಡುತ್ತಾ ಸಾಮಾನು ತೋರಿಸುವವರು ಎಷ್ಟು ಜನ ಆದರು ಅಂತ ನೀವೇ ನೋಡುತ್ತಿದ್ದೀರಿ. ಭಾಷೆ ಹತ್ತಿರವಾದಷ್ಟೂ ಹೋಲಿಕೆಯೂ ಹತ್ತಿರವಾಗುತ್ತದೆ. ಇಂಗ್ಲಿಷಿನಲ್ಲಿ ಯಾರೋ ಬ್ಯಾಗ್ ತೋರಿಸಿದಾಗ ದೂರದ ವಿಷಯ ಅನ್ನಿಸುತ್ತಿತ್ತು. 'ನಮ್ ಕಡೆ ಮದ್ವೆಗೆ ಹಾಕ್ಕೊಂಡ್ ಹೋಗ್ಬಹುದು' ಅಂದಾಗ ಅದು ನಮ್ಮ ಬೀರುವಿಗೇ ಬಂದು ಕೂರುತ್ತದೆ.

ಈಗ ವಸ್ತುಮೋಹದ ಮಾತು. ಒಳ್ಳೆಯ ಸೀರೆ, ಒಳ್ಳೆಯ ಫೋನ್ ಇಷ್ಟಪಡುವುದೆಲ್ಲ ವಸ್ತುಮೋಹ ಅಲ್ಲ. ಅಮೆರಿಕದ ಮಾರ್ಷಾ ರಿಚಿನ್ಸ್ ಮತ್ತು ಸ್ಕಾಟ್ ಡಾಸನ್ 1992ರಲ್ಲಿ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಇವತ್ತಿಗೂ ಎಲ್ಲರೂ ಬಳಸುವುದು ಹೆಚ್ಚಾಗಿ ಅದನ್ನೇ. ವಸ್ತುಗಳು ನಿಮ್ಮ ಬದುಕಿನ ನಡುಮಧ್ಯೆ ಇವೆಯಾ? ಇನ್ನೂ ನಾಲ್ಕು ವಸ್ತು ಇದ್ದಿದ್ದರೆ ಸುಖವಾಗಿರುತ್ತಿದ್ದೆ ಅನ್ನಿಸುತ್ತದಾ? ಒಬ್ಬರು ಗೆದ್ದರೋ ಸೋತರೋ ಅಂತ ಅವರ ಬಳಿ ಏನಿದೆ ಅನ್ನುವುದರ ಮೇಲೆ ತೀರ್ಮಾನ ಮಾಡುತ್ತೀರಾ? ಅವರು ಕೆದಕಿದ್ದು ಈ ಮೂರನ್ನು. ಮೂರನೆಯದನ್ನು ಸ್ವಲ್ಪ ಯೋಚಿಸಿ. ರೀಲ್ಸ್‌ನಲ್ಲಿ ಒಬ್ಬರ ಬಗ್ಗೆ ನಮಗೆ ಗೊತ್ತಾಗುವುದು ಬೇರೇನು? ಅವರ ತಾಳ್ಮೆ ಕಾಣುವುದಿಲ್ಲ, ಸಾಲ ಕಾಣುವುದಿಲ್ಲ, ಇಎಂಐ ಅಂತೂ ಕಾಣುವುದೇ ಇಲ್ಲ. ಕಾಣುವುದು ವಸ್ತು. ಕೆನಡಾದ ಆ ಪಟ್ಟಿಯ ಹಾಗೇ.

ಹಾಗಾದರೆ ಮೊಬೈಲ್ ನೋಡಿ ವಸ್ತುಮೋಹ ಬಂತಾ, ವಸ್ತುಮೋಹ ಇದ್ದವರು ಮೊಬೈಲ್ ಜಾಸ್ತಿ ನೋಡುತ್ತಾರಾ? ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದವರು 1,230 ಜನರನ್ನು ಇಟ್ಟುಕೊಂಡು ಇದನ್ನು ನೋಡಿದ್ದಾರೆ, 2024ರಲ್ಲಿ ಪ್ರಕಟವಾಯಿತು. ವಸ್ತುಮೋಹ ಜಾಸ್ತಿ ಇದ್ದವರು ಇತರರ ಜೊತೆ ಹೋಲಿಸಿಕೊಳ್ಳುವುದೂ ಜಾಸ್ತಿ, ಸುಮ್ನೆ ಸ್ಕ್ರೋಲ್ ಮಾಡುತ್ತಾ ಕೂರುವುದೂ ಜಾಸ್ತಿ, ಮನಸ್ಸಿನ ಒತ್ತಡವೂ ಜಾಸ್ತಿ. ನೆಮ್ಮದಿ ಮಾತ್ರ ಕಡಿಮೆ. ಆದರೆ ಒಂದೇ ಸಲ ಪ್ರಶ್ನೆ ಕೇಳಿ ಬರೆದುಕೊಂಡ ಅಧ್ಯಯನದಿಂದ ಯಾವುದು ಮೊದಲು ಅಂತ ಹೇಳಲು ಬರುವುದಿಲ್ಲ. ನನ್ನ ಅಂದಾಜು, ಎರಡೂ ಒಂದನ್ನೊಂದು ಬೆಳೆಸುತ್ತವೆ. ಚಪ್ಪಲಿ ಹುಡುಕಿದವರಿಗೆ ಚಪ್ಪಲಿಯೇ ಕಾಣಿಸುವ ಹಾಗೆ ಆ ಆ್ಯಪ್‌ಗಳನ್ನು ಕಟ್ಟಿರುವಾಗ ಬೇರೆ ಏನಾಗಲು ಸಾಧ್ಯ?

ಇಲ್ಲಿ ಒಂದು ಅಡ್ಡಮಾತು. ಆಸೆಯ ವಿಷಯ ಬಂದರೆ ಭಾಷಣ ಮಾಡುವವರೆಲ್ಲ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳುತ್ತಾರೆ. ಮಾರಯ್ಯ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ, ಅವಳು ವಾಪಸ್ ಸುರಿದು ಬಾ ಅಂತ ಕಳಿಸಿದಳು. ದೊಡ್ಡ ಮಾತು, ಒಪ್ಪಿದೆ. ಆದರೆ ಮಾರಯ್ಯನ ಅಂಗೈಯಲ್ಲಿ ಮಲಗುವವರೆಗೂ ಹೊಸ ಹೊಸ ಅಕ್ಕಿ ತೋರಿಸುವ ಯಂತ್ರ ಇರಲಿಲ್ಲ. ವಾಪಸ್ ಕಳಿಸಲು ಮನೆಯಲ್ಲಿ ಲಕ್ಕಮ್ಮ ಬೇರೆ ಇದ್ದಳು. ನಮ್ಮ ಹುಡುಗರಿಗೆ 'ಆಸೆ ಬಿಡಿ' ಅಂತ ಉಪದೇಶ ಮಾಡುವುದು ಸುಲಭ. ಆ ಆಸೆಯನ್ನು ಹುಟ್ಟಿಸಲೆಂದೇ ಸಂಬಳ ತಗೊಂಡು ಸಾವಿರಾರು ಎಂಜಿನಿಯರುಗಳು ಕೂತಿದ್ದಾರೆ ಅನ್ನುವುದನ್ನು ಹೇಳದೆ ಬರೀ ಉಪದೇಶ ಮಾಡಿದರೆ ಅದು ಅನ್ಯಾಯ.

ಈಗ ಒಂದು ಲೈವ್ ಸೀರೆ ಮಾರಾಟವನ್ನು ನಿಧಾನವಾಗಿ ನೋಡೋಣ. ಇಲ್ಲಿರುವ ಅರ್ಧ ಜನ ನೋಡಿರುತ್ತೀರಿ. ರಾತ್ರಿ ಎಂಟೂವರೆಯ ಹೊತ್ತು. ಊಟ ಆಗಿದೆ, ಪಾತ್ರೆ ತೊಳೆದಾಗಿದೆ, ಕೈಗೆ ಫೋನ್ ಬಂದಿದೆ. ಪರದೆಯಲ್ಲಿ ಒಬ್ಬರು ಸೀರೆಗಳ ರಾಶಿಯ ನಡುವೆ ನಿಂತಿದ್ದಾರೆ. ಬಂದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಾರೆ. 'ಬನ್ನಿ ಅಕ್ಕ, ಊಟ ಆಯ್ತಾ?' ಒಂದು ಸೀರೆ ಬಿಡಿಸಿ ಸೆರಗನ್ನು ಕ್ಯಾಮೆರಾ ಹತ್ತಿರ ತಂದು, ಜರಿ ಕಾಣುವ ಹಾಗೆ ಎರಡು ಸಲ ಅಲ್ಲಾಡಿಸುತ್ತಾರೆ. 'ಕೋಡ್ 14. ಸಾಫ್ಟ್ ಸಿಲ್ಕ್, ಬ್ಲೌಸ್ ಪೀಸ್ ಜೊತೆ. ಸಿಂಗಲ್ಸ್ ಮಾತ್ರ, ಮತ್ತೆ ಬರಲ್ಲ. ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಮಾಡಿ.' ಅಷ್ಟರಲ್ಲಿ ಕೆಳಗೆ ಕಾಮೆಂಟಿನಲ್ಲಿ ಯಾರೋ '14 ನಂದು' ಅಂತ ಹಾಕುತ್ತಾರೆ. ಹಿಂದೆಯೇ ಇನ್ನೊಬ್ಬರು, 'ಅಯ್ಯೋ ಮಿಸ್ ಆಯ್ತು.' ಮಾರುವವರು, 'ಬೇಜಾರಾಗ್ಬೇಡಿ, 15 ನಿಮಗೋಸ್ಕರನೇ ಇದೆ.'

ನೋಡಿ, ಆ ಎರಡು ನಿಮಿಷದಲ್ಲಿ ಎಷ್ಟು ಕೆಲಸ ಆಯಿತು. ಹೆಸರು ಹಿಡಿದು ಕರೆದಿದ್ದರಿಂದ ಅದು ಅಂಗಡಿ ಅನ್ನಿಸಲಿಲ್ಲ, ನೆಂಟರ ಮನೆ ಅನ್ನಿಸಿತು. ಒಂದೇ ಇದೆ ಅಂದಿದ್ದರಿಂದ ಯೋಚಿಸಲು ಸಮಯ ಇಲ್ಲ. ಇನ್ನೊಬ್ಬರು ಕಣ್ಣೆದುರಿಗೇ ಎತ್ತಿಕೊಂಡರು, ಹಾಗಾಗಿ ಸೀರೆ ಚೆನ್ನಾಗಿದೆಯಾ ಅನ್ನುವ ಪ್ರಶ್ನೆ ಹಿಂದೆ ಸರಿದು, ಕೈತಪ್ಪಿ ಹೋಗುತ್ತಲ್ಲ ಅನ್ನುವುದು ಮುಂದೆ ಬಂತು. ಬಟ್ಟೆ ಮುಟ್ಟಿ ನೋಡಿಲ್ಲ. ಮೈಮೇಲೆ ಹಾಕಿ ಕನ್ನಡಿ ನೋಡಿಲ್ಲ. ಜೊತೆಯಲ್ಲಿ ಬಂದ ಅತ್ತಿಗೆ 'ಇದೇ ಬಣ್ಣ ಇದೆಯಲ್ಲ ನಿನ್ನತ್ರ' ಅನ್ನಲಿಲ್ಲ. ಆ ಅತ್ತಿಗೆ ಎಷ್ಟು ದೊಡ್ಡ ಉಪಕಾರ ಮಾಡುತ್ತಿದ್ದರು ಅಂತ ನಮಗೆ ಗೊತ್ತೇ ಇರಲಿಲ್ಲ! ಕೊನೆಗೆ ಒಂದು ಷರತ್ತು ಬೇರೆ: 'ನೋ ರಿಟರ್ನ್, ಡ್ಯಾಮೇಜ್ ಇದ್ದರೆ ಓಪನಿಂಗ್ ವಿಡಿಯೋ ಕಡ್ಡಾಯ.' ಅಂದರೆ ಪಾರ್ಸೆಲ್ ಬಿಚ್ಚುವಾಗ ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ನಡುವೆ ಎಲ್ಲೂ ನಿಲ್ಲಿಸದೆ ಶೂಟ್ ಮಾಡಬೇಕು. ನಮ್ಮದೇ ದುಡ್ಡು, ನಮ್ಮದೇ ಸೀರೆ, ಸಾಕ್ಷಿಯೂ ನಾವೇ ಒದಗಿಸಬೇಕು.

ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡು ಬಂದಿದ್ದು ಇದನ್ನೇ. ಆಸೆ ಮೊದಲೂ ಇತ್ತು, ಹೋಲಿಕೆಯೂ ಇತ್ತು. ಆದರೆ ನೋಡಿದ್ದಕ್ಕೂ ಕೊಂಡಿದ್ದಕ್ಕೂ ನಡುವೆ ಸಮಯ ಇತ್ತು. ಮದುವೆಯಲ್ಲಿ ಸೀರೆ ನೋಡಿದಿರಿ. ಅದು ದೀಪಾವಳಿಗೆ ಅಂತ ಮನಸ್ಸಿನಲ್ಲೇ ಉಳಿಯಿತು. ಬೋನಸ್ ಬರಬೇಕು, ಪೇಟೆಗೆ ಹೋಗಲು ಯಾರಾದರೂ ಜೊತೆ ಬೇಕು, ಬಸ್ ಹಿಡಿಯಬೇಕು. ಅಷ್ಟರಲ್ಲಿ ಹತ್ತು ಆಸೆಗಳಲ್ಲಿ ಎಂಟು ತಾವಾಗಿಯೇ ಸತ್ತು ಹೋಗುತ್ತಿದ್ದವು. ನಾವು ಸಂಯಮಿಗಳು ಅಂತಲ್ಲ, ದಾರಿ ದೂರ ಇತ್ತು.

ಆ ದಾರಿಯನ್ನು ಒಂದೊಂದೇ ಮೆಟ್ಟಿಲು ತೆಗೆದು ಸಣ್ಣದು ಮಾಡಿದರು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2007ರಲ್ಲಿ ಪುಸ್ತಕ ಮಾರಲು ಶುರು ಮಾಡಿದಾಗ ಜನ ಆನ್‌ಲೈನಿನಲ್ಲಿ ಕಾರ್ಡ್ ನಂಬರ್ ಕೊಡಲು ಹೆದರುತ್ತಿದ್ದರು. 2010ರಲ್ಲಿ ಅವರು ಕ್ಯಾಶ್ ಆನ್ ಡೆಲಿವರಿ ತಂದರು. ನಂಬಿಕೆ ಹುಟ್ಟಿಸಲು ತಂದ ಉಪಾಯ ಅದು. ಆದರೆ ಅದರಲ್ಲಿ ಅವರಿಗೇ ಬೇಡವಾದ ಒಂದು ಗುಣ ಇತ್ತು. ಸಾಮಾನು ಬಾಗಿಲಿಗೆ ಬಂದಾಗ ನೀವು ಪರ್ಸ್ ತೆಗೆದು ನೋಟು ಎಣಿಸಬೇಕು. ಆಗ ಇನ್ನೊಂದು ಸಲ ಯೋಚನೆ ಬರುತ್ತದೆ, 'ಬೇಡ ವಾಪಸ್ ತಗೊಂಡ್ ಹೋಗಿ' ಅನ್ನಬಹುದು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಜಿಯೋ ಬಂದು ಡೇಟಾ ಅಗ್ಗವಾಯಿತು. 2025ರ ಆಗಸ್ಟ್ ಹೊತ್ತಿಗೆ ಯುಪಿಐನಲ್ಲಿ ತಿಂಗಳಿಗೆ 2,000 ಕೋಟಿಗೂ ಹೆಚ್ಚು ಸಲ ದುಡ್ಡು ಕೈ ಬದಲಾಯಿಸುತ್ತಿತ್ತು. ಯುಪಿಐ ಒಳ್ಳೆಯದೇ, ಸೊಪ್ಪಿನವರಿಗೆ ಚಿಲ್ಲರೆ ಹುಡುಕುವ ಕಷ್ಟ ತಪ್ಪಿತು. ಆದರೆ ನೋಟು ಕೈಬಿಟ್ಟು ಹೋಗುವಾಗ ಆಗುತ್ತಿದ್ದ ಸಣ್ಣ ಸಂಕಟವೂ ಜೊತೆಗೇ ಹೋಯಿತು.

ಆ ಸಂಕಟ ಬರೀ ಕವಿತೆ ಅಲ್ಲ, ಅಳೆದಿದ್ದಾರೆ. ಅಮೆರಿಕದ ಎಂಐಟಿಯಲ್ಲಿ ಪ್ರೆಲೆಕ್ ಮತ್ತು ಸಿಮೆಸ್ಟರ್ ಎಂಬಿಎ ವಿದ್ಯಾರ್ಥಿಗಳಿಗೆ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜು ಹಾಕಿದರು. ಅರ್ಧ ಜನರಿಗೆ ನಗದು ಕೊಡಬೇಕು ಅಂದರು, ಅರ್ಧ ಜನರಿಗೆ ಕ್ರೆಡಿಟ್ ಕಾರ್ಡ್ ಅಂದರು. ಕಾರ್ಡಿನವರು ಕೂಗಿದ ಬೆಲೆ ಹೆಚ್ಚು ಕಡಿಮೆ ಎರಡರಷ್ಟು. 2001ರಲ್ಲಿ ಬರೆದಿದ್ದು ಇದು. ಈಗ ಹಾಗೆ ಕಾರ್ಡ್ ಹೊರಗೆ ತೆಗೆಯುವ ಕೆಲಸವೂ ಇಲ್ಲ. 'ಪೇ ಲೇಟರ್' ಒತ್ತಿದರೆ ಮುಂದಿನ ತಿಂಗಳು ನೋಡಿಕೊಂಡರಾಯಿತು.

ಕೊಂಡ ಮೇಲಿನ ವಿಷಯ. ಪಾರ್ಸೆಲ್ ಎಲ್ಲಿದೆ ಅಂತ ದಿನಕ್ಕೆ ನಾಲ್ಕು ಸಲ ಟ್ರ್ಯಾಕ್ ಮಾಡುತ್ತೀರಿ. ಬಂದ ಮೇಲೆ ಬಿಚ್ಚುತ್ತೀರಿ. ಆಮೇಲೆ? ಸ್ವಲ್ಪ ಹೊತ್ತಿಗೇ ಮನಸ್ಸು ಚಪ್ಪೆ. ಸ್ವಿಟ್ಜರ್ಲೆಂಡಿನಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಅನ್ನುವವರು 1990ರ ದಶಕದಲ್ಲಿ ಮಂಗಗಳ ಮೆದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡುವ ಕೋಶಗಳನ್ನು ಗಮನಿಸಿದರು. ಮೊದಮೊದಲು ಬಾಯಿಗೆ ಹಣ್ಣಿನ ರಸ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮುಂಚೆ ಒಂದು ಸೂಚನೆ ಸಿಗುತ್ತದೆ ಅಂತ ಮಂಗ ಕಲಿತ ಮೇಲೆ, ಸೂಚನೆ ಕಂಡಾಗಲೇ ಚುರುಕು. ರಸ ಬಂದಾಗ ಏನೂ ಇಲ್ಲ! 'ನಿಮ್ಮ ಪಾರ್ಸೆಲ್ ಇವತ್ತು ತಲುಪಲಿದೆ' ಅನ್ನುವ ಮೆಸೇಜ್ ಬಂದಾಗ ಖುಷಿ, ಕವರ್ ಹರಿದ ಮೇಲೆ ಮಾಮೂಲು. ಮಂಗನನ್ನು ನೇರವಾಗಿ ಮನುಷ್ಯನಿಗೆ ಅನ್ವಯಿಸಬಾರದು ಅಂತ ವಿಜ್ಞಾನದ ಮೇಷ್ಟ್ರು ನನ್ನನ್ನು ನೋಡುತ್ತಿದ್ದಾರೆ. ಒಪ್ಪುತ್ತೇನೆ ಸಾರ್. ಆದರೂ ಬಿಚ್ಚದ ಕವರುಗಳು ಎಷ್ಟು ಮನೆಗಳ ಬೀರುವಿನ ಮೇಲಿವೆ ಅಂತ ಒಂದು ಸಲ ಕೇಳಿ ನೋಡಿ.

ಇಲ್ಲಿಂದ ಕಾಯಿಲೆಯ ಗಡಿ ಹತ್ತಿರ ಬರುತ್ತದೆ. ಹಬ್ಬಕ್ಕೆ ಒಂದು ಸಾಮಾನು ಜಾಸ್ತಿ ಕೊಂಡವರೆಲ್ಲ ರೋಗಿಗಳಲ್ಲ. ಆ ಪದವನ್ನು ಹಾಗೆ ಸಡಿಲವಾಗಿ ಬಳಸಿದರೆ ನಿಜವಾಗಿ ನರಳುವವರಿಗೆ ಅವಮಾನ. ಕೊಳ್ಳುವ ಗೀಳು ಅನ್ನುವುದನ್ನು ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ ನೂರು ವರ್ಷಕ್ಕೂ ಹಿಂದೆಯೇ ಗುರುತಿಸಿದ್ದರು, ಅಂದರೆ ಇದು ಇಂಟರ್ನೆಟ್ಟಿನ ಕೂಸಲ್ಲ. ಈಗ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನುವ ಕಾಯಿಲೆಗಳ ಪಟ್ಟಿಯಲ್ಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಇಲ್ಲ, ಹಿಡಿತ ತಪ್ಪುವ ಇತರ ತೊಂದರೆಗಳ ಗುಂಪಿನಲ್ಲಿ ಒಂದು ಉದಾಹರಣೆಯಾಗಿ ಬರುತ್ತದೆ.

ಎಷ್ಟು ಕೊಂಡರು ಅನ್ನುವುದಕ್ಕಿಂತ ಯಾಕೆ, ಹೇಗೆ ಕೊಂಡರು ಅನ್ನುವುದನ್ನು ನೋಡಬೇಕು. ಬೇಜಾರಾದಾಗ, ಜಗಳವಾದಾಗ ಕೈ ತಾನಾಗಿ ಆ್ಯಪ್ ಕಡೆ ಹೋಗುತ್ತದೆ. ಕೊಂಡ ತಕ್ಷಣ ಹಗುರ, ಆಮೇಲೆ ಪಾಪಪ್ರಜ್ಞೆ, ಅದನ್ನು ಮರೆಯಲು ಮತ್ತೆ ಕೊಳ್ಳುವುದು. ಮನೆಯವರಿಗೆ ಗೊತ್ತಾಗದ ಹಾಗೆ ಪಾರ್ಸೆಲ್ ಆಫೀಸಿಗೆ ತರಿಸುವುದು, ಬೆಲೆ ಕೇಳಿದರೆ ಕಡಿಮೆ ಹೇಳುವುದು. ನಿಲ್ಲಿಸಬೇಕು ಅಂದುಕೊಂಡರೂ ಆಗುವುದಿಲ್ಲ. ಇದೆಲ್ಲ ತಿಂಗಳುಗಟ್ಟಲೆ ನಡೆದು ಸಾಲ, ಜಗಳದವರೆಗೆ ಹೋದರೆ ಸಹಾಯ ಬೇಕು. ಇದು ಹೆಂಗಸರ ಕಾಯಿಲೆ ಅಂತ ಹಿಂದಿನ ಸಾಲಿನ ಗಂಡಸರು ಮುಸಿಮುಸಿ ನಗುತ್ತಿದ್ದೀರಿ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ಹೆಂಗಸರಲ್ಲಿ ಶೇ. 6, ಗಂಡಸರಲ್ಲಿ ಶೇ. 5.5 ಜನಕ್ಕೆ ಈ ತೊಂದರೆ ಇತ್ತು. ಹೆಂಗಸು ಸೀರೆ ಕೊಂಡರೆ ಹುಚ್ಚು, ಗಂಡಸು ಮೂರನೇ ಹೆಡ್‌ಫೋನ್ ಕೊಂಡರೆ ಹವ್ಯಾಸ. ಅಲ್ವಾ?

ಸಹಾಯ ಎಲ್ಲಿ ಸಿಗುತ್ತದೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ, 2014ರಿಂದ ಮೊಬೈಲ್, ಇಂಟರ್ನೆಟ್ ಗೀಳಿಗೆ ಅಲ್ಲಿ ಚಿಕಿತ್ಸೆ ಕೊಡುತ್ತಾರೆ. ಅಷ್ಟು ದೂರ ಹೋಗಲು ಆಗದವರು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಕಾನೂನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ ನಿಷೇಧಿಸಿತು. 'ಎರಡೇ ಉಳಿದಿದೆ' ಅಂತ ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಕಾರ್ಟಿಗೆ ಸಾಮಾನು ಸೇರಿಸುವುದು, ಜಾಹೀರಾತನ್ನು ಸ್ವಂತ ಅನುಭವದ ಹಾಗೆ ತೋರಿಸುವುದು, ಎಲ್ಲ ಅದರಲ್ಲಿವೆ. ದುಡ್ಡು ತಗೊಂಡು ಹೊಗಳುವವರು ಅದನ್ನು ಹೇಳಲೇಬೇಕು ಅಂತ ಅದೇ ವರ್ಷ ಜನವರಿಯಲ್ಲಿ ಗ್ರಾಹಕ ಇಲಾಖೆಯ ಮಾರ್ಗಸೂಚಿ ಬಂದಿದೆ. ದೂರು ಕೊಡಲು 1915ಕ್ಕೆ ಫೋನ್ ಮಾಡಬಹುದು. ನಿಯಮ ಚೆನ್ನಾಗಿದೆ. ಆದರೆ ರಾತ್ರಿ ಎಂಟೂವರೆಯ ಲೈವ್‌ನಲ್ಲಿ ನಿಜಕ್ಕೂ ಒಂದೇ ಸೀರೆ ಇತ್ತಾ ಅಂತ ಯಾವ ಅಧಿಕಾರಿ ಹೋಗಿ ಎಣಿಸುತ್ತಾನೆ?

ಹಾಗಾಗಿ ನನಗೆ ನಂಬಿಕೆ ಇರುವುದು ದಾರಿಯನ್ನು ಮತ್ತೆ ಸ್ವಲ್ಪ ಉದ್ದ ಮಾಡಿಕೊಳ್ಳುವುದರಲ್ಲಿ. ಆ್ಯಪ್‌ನಲ್ಲಿ ಉಳಿಸಿಟ್ಟ ಕಾರ್ಡ್ ಅಳಿಸಿ. ಪೇ ಲೇಟರ್ ಮುಚ್ಚಿಸಿ. ಆಫರ್ ನೋಟಿಫಿಕೇಶನ್ ನಿಲ್ಲಿಸಿ. ಇಷ್ಟವಾದದ್ದನ್ನು ಕಾರ್ಟಿಗೆ ಹಾಕಿ, ಮಲಗಿ ಎದ್ದು ನೋಡಿ. ಕೊಳ್ಳುವುದನ್ನು ಫೋನಿನಿಂದ ಬಿಟ್ಟು ಮನೆಯ ಕಂಪ್ಯೂಟರಿಗೆ ಸಾಗಿಸಿದರೂ ಸಾಕು, ಎದ್ದು ಹೋಗಿ ಕೂರುವ ಸೋಮಾರಿತನವೇ ನಿಮ್ಮನ್ನು ಕಾಪಾಡುತ್ತದೆ. ನೋಡುವ ಹೊತ್ತನ್ನೂ ಕಡಿಮೆ ಮಾಡಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ 143 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದ್ದರು. ಮೂರು ಆ್ಯಪ್‌ಗಳನ್ನು ದಿನಕ್ಕೆ ತಲಾ ಹತ್ತೇ ನಿಮಿಷ ನೋಡಿದವರಲ್ಲಿ ಮೂರು ವಾರಕ್ಕೆ ಒಂಟಿತನ, ಬೇಸರ ಕಡಿಮೆಯಾಗಿತ್ತು. ಅದು ಖರೀದಿಯ ಅಧ್ಯಯನ ಅಲ್ಲ. ಆದರೆ ಬೇಸರವೇ ಅರ್ಧ ಖರೀದಿ ಮಾಡಿಸುವಾಗ, ಅದು ಕಡಿಮೆಯಾದರೆ ಲಾಭವೇ.

ಭಾಷಣ ಮುಗಿದು ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಮಹಿಳೆ ಎದ್ದು ನಿಂತರು. 'ಸಾರ್, ನಾನೂ ಲೈವ್‌ನಲ್ಲಿ ಸೀರೆ ಮಾರ್ತೀನಿ. ಮನೆ ನಡೆಯೋದೇ ಅದರಿಂದ. ನಾನು ಮಾಡ್ತಿರೋದು ತಪ್ಪಾ?' ತಪ್ಪಲ್ಲ ಅಂದೆ. ಅಂಗಡಿ ಇಡಲು ಬಂಡವಾಳ ಇಲ್ಲದ ಎಷ್ಟೋ ಹೆಂಗಸರಿಗೆ ವಾಟ್ಸಾಪ್ ವ್ಯಾಪಾರವೇ ಮೊದಲ ಸಂಪಾದನೆ, ಅದು ಸಣ್ಣ ವಿಷಯ ಅಲ್ಲ. ಒಂದು ಕೆಲಸ ಮಾಡಿ ನೋಡಿ ಅಂದೆ. ರಾತ್ರಿ ಬುಕ್ ಮಾಡಿದವರಿಗೆ ತಕ್ಷಣ ದುಡ್ಡು ಹಾಕಿ ಅನ್ನಬೇಡಿ. ಬೆಳಿಗ್ಗೆ ಒಂದು ಮೆಸೇಜ್ ಕಳಿಸಿ, ಬೇಕು ಅಂದವರಿಗೆ ಮಾತ್ರ ಪ್ಯಾಕ್ ಮಾಡಿ.

'ಹಾಗೆ ಮಾಡಿದ್ರೆ ಅರ್ಧ ಆರ್ಡರ್ ಹೋಗುತ್ತೆ ಸಾರ್.'

ಹಿಂದಿನಿಂದ ಯಾರೋ, ಆಮೇಲೆ ಬಣ್ಣ ಸರಿ ಇಲ್ಲ ಅಂತ ತಲೆ ತಿನ್ನುವವರು ಆ ಅರ್ಧದವರೇ ಇರಬೇಕು ಅಂದರು. ಸಭೆ ನಕ್ಕಿತು. ಅವರೂ ನಕ್ಕರು. 'ಅದು ನಿಜ. ಬ್ಲೌಸ್ ಕೂಡ ಹೊಲಿಸಿರಲ್ಲ, ತಿಂಗಳಾದ ಮೇಲೆ ಬದಲಾಯಿಸಿ ಕೊಡಿ ಅಂತಾರೆ. ಬೇರೆ ತಿಂಗಳಲ್ಲಿ ಬೇಕಾದ್ರೆ ನೀವು ಹೇಳಿದ ಹಾಗೆ ಮಾಡ್ತೀನಿ. ಜೂನ್‌ನಲ್ಲಿ ಮಗಳ ಫೀಸ್ ಕಟ್ಟಬೇಕಲ್ಲ, ಆಗ ನನ್ ಕೈಲಿ ಬೆಳಿಗ್ಗೆವರೆಗೆ ಕಾಯೋಕಾಗಲ್ಲ.'